ಹೊಸಿಲು ದಾಟಿದರೆ ಏನು ಮಾಡುತ್ತಾರೆ

ಮಗಳು ಮೊದಲ ಸಲ ತಾನಾಗಿ ಮಗುಚಿಕೊಂಡ ದಿನ ನನ್ನ ಅಮ್ಮ ದೋಸೆ ಹೊಯ್ದಳು. ಹಿಟ್ಟು ಮೊದಲೇ ರುಬ್ಬಿಟ್ಟಿದ್ದಳೋ, ಯಾರ ಮನೆಯಿಂದಾದರೂ ತಂದಳೋ ಗೊತ್ತಿಲ್ಲ. ನಾನು ಕೆಲಸದಿಂದ ಬರುವಷ್ಟರಲ್ಲಿ ಕಾವಲಿ ಒಲೆಯ ಮೇಲಿತ್ತು. ಮಗು ಚಾಪೆಯ ಮೇಲೆ ಬೋರಲಾಗಿ ಮಲಗಿ, ತಲೆ ಎತ್ತಿ ನಮ್ಮನ್ನೆಲ್ಲ ನೋಡುತ್ತಿತ್ತು. ಕಾವಲಿಯ ಮೇಲೆ ದೋಸೆ ಮಗುಚುವ ಹಾಗೆ ಮಗು ಮಗುಚಿತು, ಅದಕ್ಕೇ ದೋಸೆ. ಅಮ್ಮನ ತವರು ಕೊಡ್ಲಿಪೇಟೆ ಕಡೆ. ಮಗು ಹೊಸದಾಗಿ ಏನು ಕಲಿತರೂ ಅದಕ್ಕೊಂದು ತಿಂಡಿ ಮಾಡಿ ಅಕ್ಕಪಕ್ಕದ ಮನೆಗಳಿಗೆ ಹಂಚುವುದು ಅವಳ ತಾಯಿಯ ಕಾಲದಿಂದ ಬಂದದ್ದು. ಚೆಟ್ಟಳ್ಳಿಯ ಹತ್ತಿರ ನಮ್ಮ ಈ ನಾಲ್ಕು ಮನೆಯ ಸಾಲಿನಲ್ಲಿ ಬೇರೆ ಯಾರಿಗೂ ಅದು ಗೊತ್ತಿರಲಿಲ್ಲ. ಆದರೂ ಎಲ್ಲರೂ ದೋಸೆ ತಿಂದರು.

"ಇವತ್ತು ಬರೀ ದೋಸೆ. ಹೊಸಿಲು ದಾಟ್ಲಿ, ಅವತ್ತು ಮಾಡ್ತೀನಿ ನೋಡು," ಎಂದಳು ಅಮ್ಮ.

ಏನು ಮಾಡುತ್ತೀಯ ಎಂದು ನಾನು ಕೇಳಲಿಲ್ಲ. ಬಾಯಿ ತುಂಬ ದೋಸೆಯಿತ್ತು.

ಅದಾಗಿ ಒಂದೂವರೆ ತಿಂಗಳಿಗೆ ಅಮ್ಮ ಹೋದಳು. ಬೆಳಿಗ್ಗೆ ನೀರೊಲೆಗೆ ಸೌದೆ ತುರುಕಲು ಬಗ್ಗಿದವಳು ಹಾಗೇ ಗೋಡೆಗೆ ಒರಗಿದಳು. ನಾನು ಜೀಪು ಕರೆತರುವಷ್ಟರಲ್ಲಿ ಮುಗಿದಿತ್ತು. ಬಂದವರಿಗೆಲ್ಲ ಇದನ್ನು ಹೇಳಿ ಹೇಳಿ, ಈಗ ಹೇಳುವಾಗ ಬೇರೆ ಯಾರದೋ ಮನೆಯಲ್ಲಿ ನಡೆದದ್ದರ ಹಾಗೆ ಕೇಳಿಸುತ್ತದೆ.

ಕಾರ್ಯದ ದಿನಗಳು ಮುಗಿಯುವ ಮೊದಲೇ, ಮನೆ ತುಂಬ ನೆಂಟರಿದ್ದಾಗ, ಮಗು ಯಾರ ಆಸರೆಯೂ ಇಲ್ಲದೆ ಕೂತುಕೊಂಡಿತು. ನಡುಮನೆಯ ಚಾಪೆಯ ಮೇಲೆ, ಎಲ್ಲರ ಎದುರಿಗೆ. ನಾನು ನೋಡಿದೆ. ನನ್ನ ಹೆಂಡತಿಯೂ ನೋಡಿದಳು. ನೆಂಟರಲ್ಲಿ ಒಬ್ಬರು "ಅಯ್ಯೋ, ಕೂತ್ಕಂಡೇ ಬಿಡ್ತಲ್ಲ..." ಎಂದು ಶುರು ಮಾಡಿದವರು ಮೂಲೆಯ ದೀಪದ ಕಡೆ ನೋಡಿ ಸುಮ್ಮನಾದರು. ಮಗು ಕೈ ತಟ್ಟಿತು. ಯಾರೂ ನಗಲಿಲ್ಲ. ಅದು ಒಬ್ಬೊಬ್ಬರ ಮುಖವನ್ನೂ ನೋಡಿ, ಏನೋ ತಪ್ಪಾಯಿತು ಎನ್ನುವ ಹಾಗೆ ನಿಧಾನಕ್ಕೆ ಪಕ್ಕಕ್ಕೆ ವಾಲಿತು. ಕೂತದ್ದಕ್ಕೆ ಏನು ಮಾಡಬೇಕಿತ್ತು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಕೇಳಿದ್ದರೂ ಆಗ ಬಾಣಲೆ ಇಡುವ ಹಾಗಿರಲಿಲ್ಲ.

ಹಾಗೆ ಒಂದು ಹೋಯಿತು. ಹೊಸಿಲಿನದು ಹಾಗೆ ಹೋಗಬಾರದು ಎಂದು ಅವತ್ತೇ ಅಂದುಕೊಂಡೆ. ಅಮ್ಮ ಏನು ಮಾಡಬೇಕೆಂದಿದ್ದಳೋ ಅದನ್ನೇ ಮಾಡಬೇಕು. ಅದು ಏನು ಎನ್ನುವುದು ಮಾತ್ರ ನನಗೆ ಗೊತ್ತಿರಲಿಲ್ಲ.

ಎಸ್ಟೇಟಿನಲ್ಲಿ ನಾನು ನೋಡಿಕೊಳ್ಳುವುದು ಪಂಪು. ಫೆಬ್ರುವರಿ ಬಂತೆಂದರೆ ಕೆರೆಯ ನೀರನ್ನೆತ್ತಿ ಸ್ಪ್ರಿಂಕ್ಲರಿನಲ್ಲಿ ತೋಟಕ್ಕೆ ಹೊಡೆಯುತ್ತೇವೆ. ನೀರು ಬಿದ್ದು ಎಂಟೊಂಬತ್ತು ದಿನಕ್ಕೆ ರೋಬಸ್ಟಾ ಕಾಫಿ ಹೂವಾಗುತ್ತದೆ. ಈ ಸಲ ಪೈಪು ಬದಲಾಯಿಸುವಾಗಲೂ ನನ್ನ ತಲೆಯಲ್ಲಿ ಅದೇ ಇತ್ತು. ನನ್ನ ಜೊತೆ ಪೈಪು ಹೊರುವ ಹಿರಿಯರೊಬ್ಬರಿದ್ದಾರೆ. ಮನೆಯಲ್ಲಿ ತಮಿಳು ಮಾತಾಡುವವರು, ಮೂವತ್ತು ವರ್ಷದಿಂದ ಎಸ್ಟೇಟಿನ ಕೂಲಿಕಾರರ ಲೈನಿನಲ್ಲೇ ಇರುವವರು. ಅವರನ್ನೂ ಕೇಳಿದೆ.

"ಅಣ್ಣ, ಮಗು ಹೊಸಿಲು ದಾಟಿದರೆ ನಿಮ್ಮಲ್ಲಿ ಏನು ಮಾಡ್ತಾರೆ?"

"ತಂಬಿ, ನನ್ ಮಕ್ಳು ಮೂರೂ ಲೈನ್ ಮನೇಲಿ ಹುಟ್ಟಿದ್ದು. ಅಲ್ಲಿ ಹೊಸಿಲೆಲ್ಲಿದೆ? ಸಿಮೆಂಟು. ಸರ್ರಂತ ಹೊರಗೆ ಹೋಗ್ತಾವೆ. ಹಿಂದೆ ಅವ್ರ ಅಮ್ಮ ಕೋಲು ಹಿಡ್ಕೊಂಡು ಹೋಗ್ತಾಳೆ. ಅದೇ ನಮ್ ಶಾಸ್ತ್ರ."

ಅವರು ನಕ್ಕರು, ನಾನೂ ನಕ್ಕೆ. ಆಮೇಲೆ ಅವರು ಪೈಪನ್ನು ಹೆಗಲಿಂದ ಇಳಿಸಿ, "ಅಮ್ಮನ್ನ ಕೇಳ್ಬೇಕಿತ್ತು ನೀನು," ಎಂದರು.

ಹೂ ಬಿಟ್ಟಾಗ ತೋಟದೊಳಗೆ ಯಾರನ್ನೂ ಬಿಡುವುದಿಲ್ಲ. ಗಿಡ ಅಲುಗಾಡಿದರೆ ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ ಎನ್ನುತ್ತಾರೆ. ಹಾಗಾಗಿ ನನಗೆ ಕೆಲವು ದಿನ ಬಿಡುವು ಸಿಕ್ಕಿತು. ಆ ದಿನಗಳು ಎಂಥವು ಎಂದು ಈಗಲೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಇಡೀ ಗುಡ್ಡ ಬೆಳ್ಳಗಾಗಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಮಲ್ಲಿಗೆಯಂಥ ವಾಸನೆ ಮನೆಯೊಳಕ್ಕೆ ನುಗ್ಗುತ್ತಿತ್ತು, ಜೇನುಹುಳಗಳ ಸದ್ದು ದೂರದಲ್ಲಿ ಮೋಟಾರು ಓಡಿದ ಹಾಗೆ ಕೇಳುತ್ತಿತ್ತು. ಮಗುವನ್ನು ಎತ್ತಿಕೊಂಡು ಬೇಲಿಯ ಉದ್ದಕ್ಕೂ ನಡೆಯುತ್ತಿದ್ದೆ. ಹಾಲುವಾಣದ ಮರಗಳಿಂದ ಕೆಂಪು ಹೂ ಉದುರಿ ದಾರಿಯಲ್ಲಿ ಬಿದ್ದಿರುತ್ತಿತ್ತು. ಮಗು ಅದನ್ನು ಬೇಕೆಂದು ಕೈ ಚಾಚುವುದು, ಕೊಟ್ಟರೆ ಬಾಯಿಗೆ ಹಾಕುವುದು, ಕಸಿದುಕೊಂಡರೆ ನನ್ನ ಮೂಗು ಹಿಡಿಯುವುದು.

ಒಂದು ದಿನ ಹಾಗೆ ಮೂಗು ಹಿಡಿದಾಗ ನಾನು ದಾರಿಯಲ್ಲೇ ಜೋರಾಗಿ ನಕ್ಕುಬಿಟ್ಟೆ. ಅಮ್ಮನ ಮಣ್ಣಿಗೆ ಬಂದಿದ್ದ ಒಬ್ಬರು ಎದುರಿಗೆ ಬೈಕಿನಲ್ಲಿ ಬರುತ್ತಿದ್ದರು. ಬಾಯಿ ಮುಚ್ಚಿಕೊಂಡೆ. ಅವರು ತಲೆಯಾಡಿಸಿ ಹೋದರು. ನಕ್ಕಿದ್ದಕ್ಕೆ ನಾಚಿಕೆಯಾಯಿತೋ, ನಗುವುದನ್ನು ನಿಲ್ಲಿಸಿದ್ದಕ್ಕೋ ತಿಳಿಯಲಿಲ್ಲ. ಮಗು ಮಾತ್ರ ನಾನು ಇನ್ನೊಮ್ಮೆ ನಗಲಿ ಎಂದು ಮತ್ತೆ ಮತ್ತೆ ಮೂಗು ಹಿಡಿಯಿತು.

ಅದೇ ವಾರ ಅದರ ಕೆಳಗಿನ ಒಸಡಿನಲ್ಲಿ ಅಕ್ಕಿಕಾಳಿನ ತುದಿಯಂಥದು ನನ್ನ ಬೆರಳಿಗೆ ತಾಗಿತು. "ಅಮ್ಮಾ, ಹಲ್ಲು!" ಎಂದು ಕೂಗಿಕೊಂಡು ಮನೆಗೆ ಓಡಿದೆ. ಹೆಂಡತಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಮಗುವಿನ ಪರವಾಗಿ ತನ್ನನ್ನೇ ಕರೆದೆ ಎಂದುಕೊಂಡಿದ್ದಳು. ಇವಳೂ ಅಮ್ಮನೇ ತಾನೇ. ಮಗುವಿನ ಬಾಯಿ ಬಿಡಿಸಿ ತೋರಿಸಿದೆ.

ಅಷ್ಟರಲ್ಲಿ ಅಂಬೆಗಾಲು ಶುರುವಾಯಿತು. ಮೊದಲು ಹಿಂದಕ್ಕೆ, ಆಮೇಲೆ ಮುಂದಕ್ಕೆ. ಮೂರನೆಯ ದಿನ ಮಗು ನಡುಮನೆ ದಾಟಿ ಹೋಗಿ ಬಾಗಿಲಿನ ಹೊಸಿಲಿನ ಮೇಲೆ ಎರಡೂ ಕೈ ಊರಿತು. ನಾನು ಹಾರಿ ಹೋಗಿ ಎತ್ತಿಕೊಂಡೆ. ಅವತ್ತೇ ಕೊಡ್ಲಿಪೇಟೆಯಲ್ಲಿರುವ ಚಿಕ್ಕಮ್ಮನಿಗೆ, ಅಮ್ಮನ ತಂಗಿಗೆ, ಫೋನು ಮಾಡಿದೆ.

"ಹೊಸಿಲಿಗಾ? ಕೊಬ್ಬರಿ ಸಕ್ಕರೆ ಹಂಚ್ತಾರೆ ಕಣ್ ಮಗಾ," ಎಂದಳು. ಅರ್ಧ ಗಂಟೆಗೆ ಅವಳದೇ ಫೋನು ಬಂತು. "ಅಲ್ಲ ಅಲ್ಲ, ಕೊಬ್ಬರಿ ಸಕ್ಕರೆ ಹಲ್ಲಿಗೆ. ಹೊಸಿಲಿಗೆ ಹೋಳಿಗೆ ಅನ್ಸುತ್ತೆ." ಮಾರನೆಯ ದಿನ ಇನ್ನೊಂದು. "ಹೋಳಿಗೆ ಅಲ್ಲ ಕಣೋ. ನಮ್ಮವ್ವ ಕಡುಬು ಮಾಡಿದ್ ನೆಪ್ಪು. ಅದು ನಡೆಯೋಕೆ ಶುರು ಮಾಡ್ದಾಗ್ಲೋ ಏನೋ. ಇದೆಲ್ಲ ಅಕ್ಕಂಗೇ ಗೊತ್ತಿದ್ದಿದ್ದು ಮಗಾ. ನಾವು ತಿಂದೋರು ಅಷ್ಟೆ."

"ವರ್ಷ ತುಂಬೋ ಮೊದಲು ಸಿಹಿ ಮಾಡಬಹುದಾ ಚಿಕ್ಕಮ್ಮ?"

"ಮಗೀಗೆಲ್ಲಿ ಸೂತಕ? ಮಾಡ್ಬೋದು. ಮಾಡ್ಬಾರ್ದೇನೋ... ತಡಿ, ತಿಳಿದೋರ್ನ ಕೇಳಿ ಹೇಳ್ತೀನಿ. ಅಲ್ಲೀಗಂಟ ಮಗೀನ ಹಿಡ್ಕಂಡಿರು."

ಹಿಡಿದುಕೊಂಡಿರು ಎಂದಳಲ್ಲ, ನಾನು ಹಿಡಿದೆ. ಮನೆಯ ಹಿಂದಿನ ನಮ್ಮದೇ ತುಂಡು ತೋಟದ ಒಣಗಿದ ಕಾಫಿ ಒಂದು ಮೂಟೆ ಮನೆಯಲ್ಲಿತ್ತು. ಅದನ್ನು ಎಳೆದು ತಂದು ಬಾಗಿಲಿನ ಒಳಗೆ ಹೊಸಿಲಿಗೆ ಒತ್ತಿ ಅಡ್ಡಡ್ಡ ಮಲಗಿಸಿದೆ. ಮಗು ಬಂದು ಅದರ ಮೇಲೆ ಬಡಿದು, ಒಳಗಿನ ಕಾಯಿ ಗಲಗಲ ಎಂದರೆ ಖುಷಿಪಟ್ಟು ಹಿಂದಿರುಗುತ್ತಿತ್ತು. ನಾವಿಬ್ಬರು ಮೂಟೆಯನ್ನು ದಾಟಿ ಓಡಾಡುತ್ತಿದ್ದೆವು.

ನನ್ನ ಹೆಂಡತಿ ಸಂಪಾಜೆಯವಳು. "ನಮ್ಮಲ್ಲಿ ಇಂಥದ್ದೆಲ್ಲ ಇಲ್ಲವೇ ಇಲ್ಲ," ಎಂದಳು ಮೊದಲ ದಿನ. ಎರಡನೆಯ ದಿನ ನೀರಿನ ಕೊಡ ಹಿಡಿದು ದಾಟುವಾಗ, "ಇದು ಮನೆಯಾ, ಕಾಫಿ ಗೋಡೌನಾ ಮಾರಾಯ್ರೆ?" ಎಂದಳು. ಐದಾರು ದಿನವಾದರೂ ಚಿಕ್ಕಮ್ಮನ ಉತ್ತರ ಬರದಿದ್ದಾಗ, ಮತ್ತೆ ಕೊಡ ಹಿಡಿದು ಬಂದವಳು, "ನಿಮ್ಮ ಚಿಕ್ಕಮ್ಮ ಯಾರನ್ನು ಕೇಳ್ಲಿಕ್ಕೆ ಹೋದದ್ದು? ಮಗು ಕಾಲೇಜಿಗೆ ಹೋಗುವ ಹೊತ್ತಿಗಾದ್ರೂ ಹೇಳ್ತಾರಾ?" ಎಂದು ಕೇಳಿದಳು. ನಾನು ನಗಲಿಲ್ಲ. ಆಗ ಅವಳು ಕೊಡ ಕೆಳಗಿಟ್ಟು ಮೆಲ್ಲಗೆ ಹೇಳಿದಳು:

"ಅತ್ತೆ ಇದ್ದಿದ್ರೆ ಮಗುವನ್ನು ಹೀಗೆ ತಡೀತಿದ್ರಾ? ಹೇಳಿ."

ಅದೇ ನನಗೆ ಗೊತ್ತಿರಲಿಲ್ಲ. ತಡೆಯುತ್ತಿರಲಿಲ್ಲ ಎಂದು ಒಮ್ಮೆ ಅನಿಸುತ್ತಿತ್ತು. ಅಮ್ಮನ ಹಟ ನೆನಪಾದರೆ, ಹೂರಣ ರುಬ್ಬಿ ಮುಗಿಯುವವರೆಗೆ ಮಗುವನ್ನು ಸೊಂಟದಿಂದ ಇಳಿಸುತ್ತಲೇ ಇರಲಿಲ್ಲವೇನೋ ಎಂದೂ ಅನಿಸುತ್ತಿತ್ತು. ಮೂವತ್ತೊಂದು ವರ್ಷ ಜೊತೆಗಿದ್ದವಳ ಬಗ್ಗೆ ಇಷ್ಟು ಸಣ್ಣ ವಿಷಯ ಖಚಿತವಾಗಿ ಹೇಳಲಾಗಲಿಲ್ಲ. ಅದೂ ಅಲ್ಲದೆ, ಅಮ್ಮ ಕೊನೆಯ ಸಲ ಹೊರಗೆ ಹೋದದ್ದೂ ಆ ಹೊಸಿಲಿನ ಮೇಲಿಂದಲೇ. ಅಂಗಳಕ್ಕೆ ತರುವಾಗ ತಲೆಯ ಕಡೆ ಹಿಡಿದಿದ್ದವನು ನಾನು. ಆಮೇಲೆ ಅದೇ ಹೊಸಿಲಿನ ಮೇಲೆ ದಿನಕ್ಕೆ ಇಪ್ಪತ್ತು ಸಲ ಓಡಾಡಿದ್ದೇನೆ, ಏನೂ ಅನಿಸಿಲ್ಲ. ಮಗು ಕೈ ಊರಿದಾಗ ಮಾತ್ರ ಅಮ್ಮ ಹೋದದ್ದು ಇಲ್ಲಿಂದಲೇ ಎಂದು ನೆನಪಾಗಿತ್ತು. ಇದನ್ನು ಇವಳಿಗೆ ಹೇಗೆ ಹೇಳುವುದೆಂದು ತಿಳಿಯದೆ, "ಚಿಕ್ಕಮ್ಮ ನಾಳೆ ಹೇಳ್ತಾಳೆ," ಎಂದೆ.

ಮಾರನೆಯ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ನೆಲದ ತೇವ ಹೀರಿ ಮೂಟೆಯ ತಳದಿಂದ ಮುಗ್ಗಲು ವಾಸನೆ ಬರತೊಡಗಿತ್ತು. ಮೂವರೂ ಅಂಗಳದಲ್ಲೇ ಇರುತ್ತೇವಲ್ಲ, ಹೊರಗಿರುವ ಮಗು ಹೊಸಿಲು ದಾಟುವುದಾದರೂ ಹೇಗೆ ಎಂದುಕೊಂಡು ಮೂಟೆಯನ್ನು ನಾನೇ ಎಳೆದು ತಂದು ಕಾಫಿಯನ್ನು ಟಾರ್ಪಾಲಿನ ಮೇಲೆ ಸುರಿದೆ. ಪಕ್ಕದಲ್ಲಿ ಇವಳು ಕರಿಮೆಣಸು ಹರಡುತ್ತಿದ್ದಳು. ಮಗು ಗೋಡೆಯ ನೆರಳಿನಲ್ಲಿ ಚಾಪೆಯ ಮೇಲೆ ಒಂದು ಚಮಚ ಹಿಡಿದು ಕೂತಿತ್ತು. ನಾನು ಬಗ್ಗಿ ಕಾಫಿಯನ್ನು ಕೈಯಿಂದ ಎಳೆದು ಹರವಿ ತಲೆ ಎತ್ತುವಷ್ಟರಲ್ಲಿ ಚಾಪೆಯ ಮೇಲೆ ಚಮಚ ಮಾತ್ರ ಇತ್ತು.

ಮಗು ಬಾಗಿಲಲ್ಲಿತ್ತು. ಒಂದೇ ಮೆಟ್ಟಿಲು, ಅದನ್ನು ಹತ್ತಿಯಾಗಿತ್ತು. ಹೊಟ್ಟೆ ಹೊಸಿಲಿನ ಮೇಲೆ, ಕೈ ಒಳಗೆ, ಕಾಲು ಹೊರಗೆ. ನಾವು ಯೋಚಿಸಿದ್ದೆಲ್ಲ ಒಳಗಿನಿಂದ ಹೊರಗೆ ಹೋಗುವುದನ್ನು. ಹೊರಗಿನಿಂದ ಒಳಗೆ ಬರಬಹುದು ಎಂದು ನನಗಾಗಲಿ, ಚಿಕ್ಕಮ್ಮನಿಗಾಗಲಿ ಹೊಳೆದೇ ಇರಲಿಲ್ಲ. ಓಡಿದೆ. ಹತ್ತಿರ ಹೋಗಿ ನಿಂತುಬಿಟ್ಟೆ. ಹಿಂದಕ್ಕೆ ಎಳೆಯಬೇಕೋ, ಒಳಗೆ ಹೋಗಲು ಬಿಡಬೇಕೋ. ಇದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ.

"ಮುಟ್ಬೇಡಿ," ಎಂದಳು ಇವಳು ಹಿಂದಿನಿಂದ.

ಮಗು ಕಾಲು ಒದ್ದಿತು, ಇನ್ನೊಮ್ಮೆ ಒದ್ದಿತು, ಮೀನಿನ ಹಾಗೆ ಒಳಕ್ಕೆ ಜಾರಿತು. ಹಣೆ ನೆಲಕ್ಕೆ ಮೆಲ್ಲಗೆ ತಾಗಿತು. ಅಳಬೇಕೋ ಬೇಡವೋ ಎಂದು ಅದೂ ಒಂದು ಗಳಿಗೆ ಯೋಚಿಸಿದ ಹಾಗೆ ಕಂಡಿತು. ಆಮೇಲೆ ಎದ್ದು ಕೂತು ನಮ್ಮ ಕಡೆ ತಿರುಗಿತು. ಅದು ಒಳಗೆ, ನಾವಿಬ್ಬರು ಹೊರಗೆ. ಇವಳು ಕೈಯಲ್ಲಿದ್ದ ಮೆಣಸನ್ನು ಹಾಗೇ ಹಿಡಿದುಕೊಂಡು ನಗತೊಡಗಿದಳು. ಅಮ್ಮ ಹೋದಮೇಲೆ ಈ ಮನೆಯಲ್ಲಿ ಅಷ್ಟು ಜೋರಾಗಿ ಯಾರೂ ನಕ್ಕಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಬಾಯಿ ಮಾತ್ರ ನಗುತ್ತಿತ್ತು.

ಅಲ್ಲೇ ನಿಂತು ಫೋನು ಮಾಡಿದೆ.

"ಚಿಕ್ಕಮ್ಮ, ದಾಟಿತು. ಆದರೆ ಒಳಗೆ ಬಂತು."

"ಒಳಗೆ ಬಂತಾ? ಹೊರಗಿಂದನಾ? ಹಂಗೆ ಬಂದ್ರೆ ಏನ್ ಮಾಡ್ತಾರೆ ಅಂತ ಅಕ್ಕಂಗೂ ಗೊತ್ತಿರ್ತಿರಲಿಲ್ಲ ಬಿಡು. ಇನ್ ನಾನ್ ಯಾರನ್ನ ಕೇಳ್ಲಿ? ನೀನೇ ಏನಾರ ಮಾಡು ಮಗಾ. ನೀನ್ ಮಾಡಿದ್ದೇ ಇನ್ ಮೇಲೆ."

ನನಗೆ ಅಡುಗೆ ಬರುವುದಿಲ್ಲ. ಅಡುಗೆಮನೆಯಲ್ಲಿ ನಾಲ್ಕು ಡಬ್ಬಿ ತೆಗೆದು ಮುಚ್ಚಿದೆ. ಅವಲಕ್ಕಿ ಸಿಕ್ಕಿತು. ನೆನೆಸಿ, ಬೆಲ್ಲ ಪುಡಿ ಮಾಡಿ ಹಾಕಿ, ಕಾಯಿ ತುರಿದು ಕಲಸಿದೆ. ನೀರು ಹೆಚ್ಚಾಗಿ ಮುದ್ದೆಯಾಯಿತು. ಒಲೆ ಹಚ್ಚಲಿಲ್ಲ, ಹಾಗಾಗಿ ಸೂತಕಕ್ಕೆ ಏನೂ ಆಗಲಾರದು ಎಂದು ಒಂದು ಮನಸ್ಸು ಹೇಳಿತು. ಸಿಹಿ ಸಿಹಿಯೇ ಅಲ್ಲವೇ ಎಂದು ಇನ್ನೊಂದು. ಬೆರಳ ತುದಿಯಲ್ಲಿ ಒಂದಿಷ್ಟು ಮಗುವಿನ ನಾಲಿಗೆಗೆ ಹಚ್ಚಿದೆ. ಅದು ಮುಖ ಕಿವುಚಿ ಉಗುಳಿತು, ಉಗುಳಿದ್ದನ್ನು ನೆಲದಿಂದ ಬೆರಳಲ್ಲಿ ತೆಗೆದು ಮತ್ತೆ ತಿಂದಿತು.

ಹಂಚುವ ಮೊದಲು ಹೊಸಿಲಿಗೂ ಒಂದಿಷ್ಟು ಇಡಬೇಕಲ್ಲ ಎಂದು ತಟ್ಟೆ ಹಿಡಿದು ಬಾಗಿಲಿಗೆ ಬಂದೆ. ಹೊರಗೆ ಹೋದರೆ ಹೊರಗೆ ಇಡುತ್ತಿದ್ದರೇನೋ. ಒಳಗೆ ಬಂದದ್ದಕ್ಕೆ ಯಾವ ಕಡೆ? ಬಗ್ಗಿ ಒಳಗೆ ಇಟ್ಟೆ, ಎತ್ತಿ ಹೊರಗೆ ಇಟ್ಟೆ, ಮತ್ತೆ ಎತ್ತಿಕೊಂಡೆ.

ಇವಳು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಬಂದು ನಿಂತಳು. ನನ್ನನ್ನು ಸ್ವಲ್ಪ ಹೊತ್ತು ನೋಡಿದಳು.

"ಇಲ್ಲಿ ಕೊಡಿ," ಎಂದಳು. "ಬೆಳಿಗ್ಗೆಯಿಂದ ಹಸಿವಾಗ್ತಾ ಉಂಟು ನನಗೆ."

ತಟ್ಟೆ ತೆಗೆದುಕೊಂಡು ನಿಂತಲ್ಲೇ ತಿನ್ನತೊಡಗಿದಳು.