ಆಯಿ ಮನೆಯ ಚಮಚ

ಬೆಳಗಾವಿಯ ದವಾಖಾನೆಯಲ್ಲಿ ಒಲೆಯ ಮೇಲಿನ ನೀರಲ್ಲಿ ಕತ್ತರಿ ಕುದಿಯುತ್ತಿತ್ತು. ನಾಲ್ಕು ವರ್ಷದ ಮಗಳು ನನ್ನ ತೊಡೆಯ ಮೇಲಿದ್ದಳು. ನಾಲಿಗೆಯ ಕೆಳಗಿನ ಪೊರೆ ಕತ್ತರಿಸಿದರೆ ಅವಳ ತೊದಲು ಹೋಗುತ್ತದೆ ಎಂದು ಡಾಕ್ಟರರು ಹೇಳಿದ್ದರು.

ಮೈಸೂರು ಕಡೆಯ ಆ ಡಾಕ್ಟರರು ಕೊನೆಯ ಸಲ ಪರೀಕ್ಷಿಸಲು ಒಂದು ಹಿತ್ತಾಳೆ ಚಮಚ ತೋರಿಸಿದರು. "ಇದೇನಮ್ಮಾ?"

"ತ್ಸಮ್ತ್ಸಾ."

"ನೋಡಿದ್ರಾ? 'ಚ' ಬರೋದೇ ಇಲ್ಲ" ಎಂದು ಅವರು ಕತ್ತರಿಯತ್ತ ತಿರುಗಿದರು.

ನಾನು ಮಗಳನ್ನು ಅವುಚಿಕೊಂಡು, "ಚಮಚ ಅನ್ನು ನಮ್ಮವ್ವಾ, ಒಂದ್ಸಲರ ಅನ್ನು" ಎಂದು ಗೋಗರೆದೆ.

ಅವಳು ನನ್ನನ್ನೇ ಗದರಿದಳು: "ಚಮಚ ನಮ್ಮನ್ಯಾಗಿಂದು, ಕಟ್ಟಿಗಿದು. ಇದು ಆಯಿ ಮನ್ಯಾಗಿನಂಥಾದ್ದು. ಇದಕ್ಕ ತ್ಸಮ್ತ್ಸಾ ಅಂತಾರ!"

ನಮ್ಮೂರು ಖಾನಾಪುರದಲ್ಲಿ ಅವಳನ್ನು ದಿನವಿಡೀ ಆಡಿಸುವವರು ಬಾಜು ಮನೆಯ ಮರಾಠಿ ಅಜ್ಜಿ, ಅವಳ ಆಯಿ. ಅವರು ಚಮಚಕ್ಕೆ ಹಾಗೇ ಅನ್ನುತ್ತಾರೆ. ನಾನೂ ದಿನಾ ಕೇಳುವ ಸದ್ದೇ ಅದು, ಭಯದಲ್ಲಿ ಹೊಳೆದಿರಲಿಲ್ಲ. ಮಗಳ ಬಾಯಲ್ಲಿ 'ಚಮಚ' ಸ್ಪಷ್ಟವಾಗಿ ಕೇಳಿದ ಡಾಕ್ಟರರು ಒಲೆ ಆರಿಸಿದರು.

ಆವತ್ತೇ ಊರಿಗೆ ಮರಳಿದೆವು. ಈಗ ಅವಳು ನನಗೆ ತಿಳಿಯದ ಮಾತೊಂದು ಆಡಿದರೆ, ತಿದ್ದುವ ಮೊದಲು ಕೇಳುತ್ತೇನೆ: "ಇದು ಯಾರ ಮನಿ ಮಾತವಾ?"