ಎಡೆಯ ಸೀರೆ ಆಫ್ರಿಕಕ್ಕೆ ಹೋದದ್ದು

ನಮ್ಮ ಮನೆಯ ಮೇಲೆ ವಿಮಾನ ಹಾದುಹೋಗುವಾಗ ನಾವೆಲ್ಲ ಮಾತು ನಿಲ್ಲಿಸುತ್ತೇವೆ. ಅದು ದಾಟಿದ ಮೇಲೆ ಬಿಟ್ಟ ಪದದಿಂದಲೇ ಎತ್ತಿಕೊಳ್ಳುತ್ತೇವೆ. ಬೂದಿಗೆರೆ ಕಡೆಯವರಿಗೆ ಇದು ರೂಢಿಯಾಗಿಬಿಟ್ಟಿದೆ. ಹೊಸದಾಗಿ ಬಂದ ನೆಂಟರು ಮಾತ್ರ ಮನೆಯಲ್ಲಿ ಏನೋ ಜಗಳವಾಗಿದೆ ಅಂದುಕೊಳ್ಳುತ್ತಾರೆ. ನಾನು ಅಣಕ ಕಲಿತದ್ದೇ ಆ ಸದ್ದಿನ ಮರೆಯಲ್ಲಿ. ಅಪ್ಪನ ಎದುರೇ ಅಪ್ಪನ ಗದರಿಕೆ, ಅಜ್ಜಿಯ ಎದುರೇ ಅಜ್ಜಿಯ ಗೊಣಗಾಟ, ಎಲ್ಲವನ್ನೂ ಅಭ್ಯಾಸ ಮಾಡಬಹುದಿತ್ತು, ಯಾರಿಗೂ ಕೇಳುತ್ತಿರಲಿಲ್ಲ. ಊರಿನಲ್ಲಿ ನಾನು ಅಣಕಿಸದವರಿಲ್ಲ. ಕಾಲೇಜಿನಲ್ಲಿ ಸೆಮಿನಾರ್ ಕೊಡುವ ನನ್ನನ್ನೂ ಬಿಟ್ಟಿಲ್ಲ. ಆ ಹುಡುಗ ಪ್ರತಿ ವಾಕ್ಯವನ್ನೂ ‘ಬೇಸಿಕಲಿ’ ಎಂದು ಶುರು ಮಾಡುತ್ತಾನೆ, ಆಮೇಲೆ ಮೇಲೆ ತಿರುಗುವ ಫ್ಯಾನ್ ನೋಡುತ್ತಾನೆ.

ಕೊರೊನಾದ ಎರಡನೇ ಅಲೆಯ ಬೇಸಿಗೆಯಲ್ಲಿ ಆ ಸದ್ದು ಬಹುಮಟ್ಟಿಗೆ ನಿಂತುಹೋಗಿತ್ತು. ಆಗಲೇ ಅಮ್ಮ ಹೋದಳು. ಅಕ್ಕ ದಕ್ಷಿಣ ಆಫ್ರಿಕದಲ್ಲಿದ್ದಳು, ಕಾಡುಪ್ರಾಣಿಗಳ ಕಾಯಿಲೆಗಳ ಬಗ್ಗೆ ಓದುತ್ತಿದ್ದಳು. ರನ್‌ವೇಯ ದೀಪ ಮಹಡಿಯಿಂದ ಕಾಣುವ ಮನೆ ನಮ್ಮದು. ಆ ಮನೆಗೆ ಬರಲು ಅವಳಿಗೆ ಒಂದು ವಿಮಾನ ಸಿಗಲಿಲ್ಲ.

ಮುಂದೆ ವಿಮಾನಗಳು ಬಂದವು. ಅಕ್ಕ ಬರಲಿಲ್ಲ. ಫೋನಿನಲ್ಲಿ ಮಳೆ ಬಂತಾ, ಸೀಮೆಹಸು ಕರು ಹಾಕ್ತಾ, ಅಜ್ಜಿಯ ಮಂಡಿ ಹೇಗಿದೆ, ಎಲ್ಲ ಕೇಳುತ್ತಿದ್ದಳು. ಅಮ್ಮನ ವಿಷಯ ಬಂದ ಕೂಡಲೇ ಅವಳಿಗೆ ಸಿಗ್ನಲ್ ಹೋಗುತ್ತಿತ್ತು. ಆನೆಗೆ ರೇಡಿಯೋ ಪಟ್ಟಿ ಕಟ್ಟುವ ಊರಿನಲ್ಲಿ ಇವಳ ಫೋನಿಗೆ ಮಾತ್ರ ಸಿಗ್ನಲ್ ಇರುತ್ತಿರಲಿಲ್ಲ.

ಅಪ್ಪನಿಗೆ ಇದು ಒಳಗೇ ಕೊರೆಯುತ್ತಿತ್ತು. ನಮ್ಮಲ್ಲಿ ಪಿತೃಪಕ್ಷದಲ್ಲಿ ಹೋದವರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾದ ಅಡುಗೆ, ಪಕ್ಕದಲ್ಲಿ ಹೊಸ ಬಟ್ಟೆ. ಹೋದವಳು ಹೆಂಗಸಾದರೆ ಸೀರೆ, ಬಳೆ, ಹೂವು. ದೀಪ ಹಚ್ಚಿ, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿಕೊಳ್ಳುತ್ತೇವೆ. ಹಿರಿಯರು ಬಂದು ಉಂಡು ಹೋಗಲಿ ಎಂದು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿಯೇ ಒಳಗೆ ಹೋಗಬೇಕು. ಉಣ್ಣುತ್ತಿರುವವರ ಮೇಲೆ ನುಗ್ಗಬಾರದು. ತಾಯಿಯ ಎಡೆಗಿಟ್ಟ ಸೀರೆಯನ್ನು ಮಗಳು ಉಡಬೇಕು. ಅಮ್ಮನ ಮೊದಲ ವರ್ಷದ ಸೀರೆ ಮಡಿಕೆ ಬಿಚ್ಚದೆ ಬೀರುವಿನಲ್ಲಿ ಉಳಿಯಿತು. ಅಪ್ಪ ಅದರ ಮೇಲೆ ಕೈಯಾಡಿಸಿ ಬೀರು ಮುಚ್ಚುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮಗಳು ಒಂದು ಸಲ ಆ ಎಡೆಯ ಮುಂದೆ ನಿಲ್ಲಬೇಕು, ಸೀರೆ ತಗೊಳ್ಳಬೇಕು. ಅಪ್ಪನಿಗೆ ಬೇಕಿದ್ದದ್ದು ಅಷ್ಟೇ.

ಎರಡನೇ ವರ್ಷ, ಆಷಾಢದಲ್ಲಿ ಒಂದು ದಿನ, ಮುದ್ದೆ ಮುರಿಯುತ್ತಾ ಅಪ್ಪ ಅಂದ:

“ಸಫಾರಿಗೆ ಹೋಗಣ.”

“ಸಫಾರಿಗೆ ಬನ್ನೇರುಘಟ್ಟ ಸಾಲ್ದೇನೋ?” ಅಂದಳು ಅಜ್ಜಿ, ಅಂದರೆ ಅಪ್ಪನ ತಾಯಿ.

“ಅಲ್ಲಿ ಮಗಳಿಲ್ವಲ್ಲವ್ವಾ.”

ಅಪ್ಪನ ಕೆಲಸ ವಿಮಾನ ನಿಲ್ದಾಣದ ಸರಕು ಶೆಡ್ಡಿನಲ್ಲಿ. ಗುಲಾಬಿ, ದ್ರಾಕ್ಷಿ, ಹಸಿಮೆಣಸಿನಕಾಯಿ ಎಲ್ಲವನ್ನೂ ವಿದೇಶಕ್ಕೆ ಹತ್ತಿಸಿದವನು, ತಾನು ಮಾತ್ರ ಹತ್ತಿರಲಿಲ್ಲ. ಹೊರಟ ದಿನ ಕಿಟಕಿಯಿಂದ ನಮ್ಮ ಮನೆ ಹುಡುಕಿದ. ನಾನು ಗಗನಸಖಿಯ ದನಿ ತೆಗೆದು, “ಪ್ರಯಾಣಿಕರೇ, ದಯವಿಟ್ಟು ಹಿಂದೆ ತಿರುಗಿ ನೋಡಬೇಡಿ, ಕೊಟ್ಟಿಗೆ ಭದ್ರವಾಗಿದೆ” ಅಂದೆ. ಅಜ್ಜಿ ನಕ್ಕಳು. ಅಪ್ಪ ನಗಲಿಲ್ಲ. ಕೈಚೀಲವೊಂದನ್ನು ತೊಡೆಯ ಮೇಲಿಟ್ಟುಕೊಂಡು, ಎಷ್ಟು ಹೇಳಿದರೂ ಮೇಲಿನ ಗೂಡಿಗೆ ಕೊಡದೆ ಕೂತಿದ್ದ.

ಅಕ್ಕ ಸೊರಗಿದ್ದಳು. ಬಿಸಿಲಿಗೆ ಬಣ್ಣ ಇಳಿದು, ಕೂದಲು ಕತ್ತರಿಸಿಕೊಂಡು, ದೊಡ್ಡ ಜೇಬುಗಳ ಪ್ಯಾಂಟು ತೊಟ್ಟಿದ್ದಳು. ಅಜ್ಜಿ ಅವಳ ಕೆನ್ನೆ ಸವರಿ, “ಕೂಲಿಗೋಗ್ತಿದೀಯೇನವ್ವಾ?” ಅಂದಳು. ಅಕ್ಕ ನಮಗೆ ಕಡಲು ತೋರಿಸಿದಳು, ಬೆಟ್ಟ ತೋರಿಸಿದಳು, ದಂಡೆಯಲ್ಲಿ ಓಡಾಡುವ ಪೆಂಗ್ವಿನ್ ತೋರಿಸಿದಳು. ಅಜ್ಜಿ ಅವನ್ನು ಬಹಳ ಹೊತ್ತು ನೋಡಿ, “ದೇವನಹಳ್ಳಿ ಕೋರ್ಟಲ್ಲಿ ಊಟದ ಟೈಮಿಗೆ ಹಿಂಗೇ ಓಡಾಡ್ತಾರೆ” ಅಂದಳು. ಎಲ್ಲ ಚೆನ್ನಾಗಿಯೇ ಇತ್ತು. ನಾಲ್ಕು ಜನ ನಕ್ಕು, ಫೋಟೊ ತೆಗೆಸಿಕೊಂಡು, ಐದನೆಯವಳ ಹೆಸರೆತ್ತದೆ ತಿರುಗುತ್ತಿದ್ದೆವು.

ಅಲ್ಲಿಂದ ಕಾಡಿನ ಕಡೆಗೆ ಹೊರಟಾಗ ಕಾರಿನಲ್ಲಿ ನಾನು ಊರಿನವರನ್ನೆಲ್ಲ ಒಬ್ಬೊಬ್ಬರಾಗಿ ತೆಗೆದೆ. ಪಂಚಾಯ್ತಿ ಮೆಂಬರ್ ಭಾಷಣ, ಡೈರಿಯವನ ಕೆಮ್ಮು, ಸೈಟ್ ಬ್ರೋಕರ್ ಪ್ರಮಾಣ. ಅಕ್ಕ ಸ್ಟೇರಿಂಗಿನ ಮೇಲೆ ಬಾಗಿ ನಗುತ್ತಿದ್ದಳು. ಆ ಓಟದಲ್ಲಿ ನನ್ನ ಬಾಯಿಂದ ಹಿತ್ತಲ ಬಾಗಿಲಲ್ಲಿ ನಿಂತು ಕೋಳಿಗಳನ್ನು ಕರೆಯುವ ದನಿಯೊಂದು ಬಂದುಬಿಟ್ಟಿತು.

“ಅದು ಬೇಡ,” ಅಂದಳು ಅಕ್ಕ. ಸಿಟ್ಟಿನಿಂದಲ್ಲ. ಬ್ರೇಕ್ ಹಾಕುವಾಗ ಇರುವಷ್ಟೇ ನಿಗಾದಿಂದ. ಆಮೇಲೆ ಬಹಳ ದೂರ ಯಾರೂ ಮಾತಾಡಲಿಲ್ಲ, ಮೇಲೆ ಯಾವ ವಿಮಾನವೂ ಇರದಿದ್ದರೂ.

ಕಾಡಿನ ಒಳಗೆ ಬೇಲಿ ಹಾಕಿದ ಬಿಡಾರ. ಹುಲ್ಲು ಹೊದಿಸಿದ ದುಂಡು ಮನೆಗಳು, ಪ್ರತಿ ಮನೆಗೂ ಜಗಲಿ, ಒಂದು ಪುಟ್ಟ ಒಲೆ. ಬಂದ ಕೂಡಲೇ ಅಕ್ಕ ಒಂದೇ ಮಾತು ಹೇಳಿದ್ದಳು: “ಕಿಟಕಿ ತೆಗೀಬೇಡಿ. ಇಲ್ಲಿ ಕೋತಿ ಜಾಸ್ತಿ.” ಮಾರನೇ ದಿನ ಬೆಳಗಿನ ಸಫಾರಿಯಲ್ಲಿ ಆನೆ ನೋಡಿ ಬಂದೆವು. ಬಂದ ಮೇಲೆ ಅಪ್ಪ ಸ್ನಾನ ಮಾಡಿ, ಪಂಚೆ ಉಟ್ಟು, ಆ ಕೈಚೀಲ ತೆಗೆದ. ಒಳಗೆ ರಾಗಿಹಿಟ್ಟಿನ ಗಂಟು, ಧೂಪ, ಬಳೆ. ಕೆಳಗೆ, ಬೀರುವಿನಲ್ಲಿ ಮಡಿಕೆ ಬಿಚ್ಚದೆ ಉಳಿದಿದ್ದ, ಅರಿಶಿನದ ಅಂಚಿನ ಹಸಿರು ಸೀರೆ. ದೊಡ್ಡಬಳ್ಳಾಪುರದ ಮಗ್ಗದ್ದು, ಅಮ್ಮ ಬೇರೆ ಕಡೆಯ ಸೀರೆ ಇಷ್ಟಪಡುತ್ತಿರಲಿಲ್ಲ.

ಅಕ್ಕ ಸೀರೆ ನೋಡಿದಳು, ಅಪ್ಪನನ್ನು ನೋಡಿದಳು.

“ಇವತ್ತು ಪಿತೃಪಕ್ಷದ ಅಮಾವಾಸ್ಯೆನಾ?”

“ಹ್ಞೂ.”

“ಇದಕ್ಕೇನಾ ಬಂದಿದ್ದು?”

“ಆನೆನೂ ನೋಡ್ದೆನಲ್ಲವ್ವಾ. ಇದಕ್ಕೂ ಬಂದೆ.”

“ನೀವು ಮಾಡ್ಕೊಳ್ಳಿ. ನಾನು ಹೊರಗಡೆ ಇರ್ತೀನಿ,” ಎಂದು ಅಕ್ಕ ಜಗಲಿಯ ಮೆಟ್ಟಿಲಿಗೆ ಹೋಗಿ ಕೂತಳು. ಅಪ್ಪ ಬಾ ಎನ್ನಲಿಲ್ಲ. ಬಿಡಾರದ ಅಂಗಡಿಯಿಂದ ನಾನು ತಂದ ಕೋಳಿಯನ್ನು ಅಜ್ಜಿ ಸಾರು ಮಾಡಿದಳು, ವಡೆ ತಟ್ಟಿದಳು. ಮುದ್ದೆ ಕೂಡಿಸಲು ಕೋಲಿರಲಿಲ್ಲ; ಅಪ್ಪ ಮರದ ಸೌಟಿನ ಹಿಡಿಯಿಂದಲೇ ತಿರುವಿದ. ಎಡೆಯ ಮುಂದೆ ಅಮ್ಮನ ಫೋಟೊ ಇಟ್ಟು, ಸೀರೆ ಬಳೆ ಇಟ್ಟು, ಕೈಮುಗಿದು, ಹೊರಗೆ ಬಂದು ಬಾಗಿಲು ಮುಚ್ಚಿದೆವು.

ಆಗ ಒಂದು ವಿಷಯ ಗೊತ್ತಾಯಿತು. ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೇ ಕಾಯಬೇಕಲ್ಲ. ಒಳಗೆ ಬರುವುದಿಲ್ಲ ಎಂದು ಕೂತ ಅಕ್ಕನ ಪಕ್ಕದಲ್ಲೇ ಹೋಗಿ ನಾವೂ ಕೂತೆವು. ಅವಳೂ ಕಾಯುವವಳೇ ಆದಳು. ಅಲ್ಲಿಂದ ಎದ್ದು ಹೋಗಲಿಲ್ಲ. ನಮ್ಮೂರಿನಲ್ಲಿ ಈ ಹೊತ್ತು ಪಿಸುಮಾತಿನಲ್ಲಿ ಕಳೆಯುತ್ತದೆ. ಒಳಗೆ ಏನೂ ಕೇಳಿಸುವುದಿಲ್ಲ. ಎಂದೂ ಕೇಳಿಸಿಲ್ಲ.

ಒಳಗೆ ತಟ್ಟೆ ಸದ್ದಾಯಿತು.

ಅಪ್ಪನ ಮುಖದ ಬಣ್ಣ ಹೋಯಿತು. ಅಜ್ಜಿ ಕಣ್ಣು ಮುಚ್ಚಿ ಕೈಮುಗಿದಳು. ನನ್ನ ತೋಳಿನ ಮೇಲೆ ಕೂದಲು ಎದ್ದಿತು. ಮೂರನೇ ವರ್ಷದ ಡಿಗ್ರಿಯಲ್ಲಿ ವೈಜ್ಞಾನಿಕ ಮನೋಭಾವದ ಮೇಲೆ ಸೆಮಿನಾರ್ ಕೊಟ್ಟು ಚಪ್ಪಾಳೆ ಗಿಟ್ಟಿಸಿದವನು ನಾನು.

ಅಕ್ಕ ಎದ್ದು ನಿಂತಳು. “ಕಿಟಕಿ ಹಾಕಿದ್ರಾ?”

“ತೆಗ್ದಿದೀನಿ,” ಅಂದಳು ಅಜ್ಜಿ, ಕಣ್ಣು ಬಿಡದೆಯೇ. “ಬಾಗ್ಲೂ ಮುಚ್ಚಿ ಕಿಟ್ಕಿನೂ ಮುಚ್ಚಿದ್ರೆ ಅವ್ಳು ಎಲ್ಲಿಂದ ಬರ್ತಾಳೆ?”

ಅಕ್ಕ ಬಾಗಿಲಿಗೆ ಓಡಿದಳು.

“ತಡಿ,” ಅಂದ ಅಪ್ಪ. “ಮೊದ್ಲು ತಟ್ಟು.”

ಅವಳಿಗೆ ಒಳಗಿರುವುದು ಏನೆಂದು ಚೆನ್ನಾಗಿ ಗೊತ್ತಿತ್ತು. ಆದರೂ ಕೈ ಎತ್ತಿ ಮೆಲ್ಲಗೆ ತಟ್ಟಿದಳು. ಒಂದು ಕ್ಷಣ ನಿಂತು, ಆಮೇಲೆ ತೆರೆದಳು.

ಕರಿಮುಖದ ಬೂದು ಕೋತಿಗಳು. ಒಂದು ಎಡೆಯ ನಡುವೆಯೇ ಕೂತು, ವಡೆ ಹಿಡಿದುಕೊಂಡು, ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ನುಗ್ಗುವವರನ್ನು ಮೊದಲನೇ ಪಂಕ್ತಿಯವರು ನೋಡುವ ಹಾಗೆ ನಮ್ಮನ್ನು ನೋಡಿತು. ಮರುಗಳಿಗೆಯಲ್ಲಿ ಎಲ್ಲ ಕಿಟಕಿಯಿಂದ ಹಾರಿದವು. ಕೊನೆಯದರ ಕೈಯಲ್ಲಿ ಸೀರೆಯ ತುದಿ ಇತ್ತು. ಹಸಿರು ಸೀರೆ ಕಿಟಕಿಯಿಂದ ಹೊರಗೆ ಬಿಚ್ಚಿಕೊಳ್ಳುತ್ತಾ ಹೋಗಿ ಎದುರಿನ ಮುಳ್ಳುಮರಕ್ಕೆ ಸಿಕ್ಕಿಕೊಂಡಿತು. ಗದ್ದಲಕ್ಕೆ ಬಿಡಾರದ ಕಾವಲಿನವನು ಬಂದು, ಪ್ರಾಣಿಗಳಿಗೆ ಊಟ ಹಾಕಬಾರದೆಂದು ಗೊತ್ತಿಲ್ಲವೇ ಎಂದು ಗದರಿದ. ನಾನು “ಬೇಸಿಕಲಿ” ಎಂದು ಶುರು ಮಾಡಿದೆ. ಅಲ್ಲಿ ನೋಡಲು ಫ್ಯಾನೂ ಇರಲಿಲ್ಲ. ಅಪ್ಪ ಕೈಮುಗಿದದ್ದನ್ನು ನೋಡಿ ಅವನೇ ಸುಮ್ಮನೆ ಹೋದ.

ಮುದ್ದೆ ಅರ್ಧ ಹೋಗಿತ್ತು. ವಡೆ ಒಂದೂ ಇರಲಿಲ್ಲ. ಸಾರು ನೆಲದ ಮೇಲಿತ್ತು. ಅಮ್ಮನ ಫೋಟೊ ಮಾತ್ರ ಬಿದ್ದಿರಲಿಲ್ಲ.

“ಉಂಡ್ಲು,” ಅಂದಳು ಅಜ್ಜಿ. “ಬದ್ಕಿದ್ದಾಗ ಒಂದಿನ ಬಿಸೀದು ಉಂಡಿರ್ಲಿಲ್ಲ ನನ್ ಸೊಸೆ.”

“ಕೋತಿ ಅಜ್ಜಿ,” ಅಂದಳು ಅಕ್ಕ.

ಅಪ್ಪ ನೆಲದ ಮೇಲೆ ಕೂತು ಬಳೆಗಳನ್ನು ಆಯ್ದುಕೊಳ್ಳುತ್ತಿದ್ದ. ತಲೆ ಎತ್ತದೆ ಹೇಳಿದ: “ಊರಲ್ಲಿ ಕಾಗೆ ಮುಟ್ಟಿದ್ರೆ ಒಪ್ಕೊಂತೀವಿ. ಇಲ್ಲಿ ಕೋತಿ ಮುಟ್ಟಿದ್ರೆ ಯಾಕಾಗಲ್ಲ, ನೀನೇ ಹೇಳವ್ವಾ. ಪ್ರಾಣಿ ವಿಷ್ಯ ಓದ್ದೋಳು ನೀನು.”

ಅಕ್ಕ ಹೊರಗೆ ಹೋಗಿ ಮರದ ಕೆಳಗೆ ನಿಂತಳು. ನಾನು ಕೋಲು ತಂದುಕೊಟ್ಟೆ. ಎಳೆದರೆ ಹರಿಯುತ್ತದೆಂದು ಒಂದೊಂದೇ ಕೊಂಬೆ ಬಾಗಿಸಿ, ಸೀರೆ ಬಿಡಿಸಿದಳು. ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ಹರಡಿಕೊಂಡು, ಮುಳ್ಳು ಕೀಳುತ್ತಾ ಹೋದಳು. ಬಹಳ ಹೊತ್ತು ಕಿತ್ತಳು. ಅಪ್ಪ ಬಂದು ಕೆಳಗಿನ ಮೆಟ್ಟಿಲಲ್ಲಿ ಕೂತ.

“ಅವತ್ತು ಅಮ್ಮಂಗೆ ಯಾವ ಸೀರೆ ಉಡ್ಸಿದ್ರಿ?”

ಅಮ್ಮ ಹೋದ ಮೇಲೆ ಅವಳ ಬಾಯಲ್ಲಿ ಆ ಪದ ಅದೇ ಮೊದಲು.

ಅಪ್ಪ ಅಂದ: “ಉಡ್ಸಕ್ಕೆ ಬಿಡ್ಲಿಲ್ಲವ್ವಾ. ಕವರಲ್ಲಿ ಸುತ್ತಿ ಕೊಟ್ರು. ಅದ್ರ ಮೇಲೇ ಹೊದ್ಸಿದೆ. ಗಾಳಿಗೆ ಹಾರ್ತಿತ್ತು. ನಾಲ್ಕು ಕಡೆ ಮಣ್ಣೆಂಟೆ ಇಟ್ಟೆ.”

“ಯಾವ್ದು?”

“ನೇರಳೆದು. ನಿನ್ ಡಿಗ್ರಿ ಕೊಟ್ಟ ದಿನ ಉಟ್ಟಿದ್ಲಲ್ಲ, ಅದು.”

“ಮುಖ ನೋಡಿದ್ಯಾ?”

“ಅಷ್ಟು ಬಿಟ್ರು.”

“ಹೆಂಗಿತ್ತು?”

ಅಪ್ಪ ಯೋಚಿಸಿದ. ಸುಳ್ಳು ಹೇಳುವುದಾದರೆ ಹೇಳಲು ಸಾಕಷ್ಟು ಸಮಯ ಇತ್ತು. “ನಿದ್ದೆಗೆಟ್ಟೋರ ಥರ ಇತ್ತು,” ಅಂದ.

ಅಕ್ಕ ಸೀರೆಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವಳು ಅತ್ತದ್ದನ್ನು ವರ್ಣಿಸುವ ಅಭ್ಯಾಸ ನನಗಿಲ್ಲ. ಅಜ್ಜಿ ಒಳಗಿಂದ ಬಂದು ನಿಂತು, ಅವಳನ್ನು ಅಳಲು ಬಿಟ್ಟಳು. ಅಪ್ಪ ಎದುರಿನ ಬೇಲಿ ನೋಡುತ್ತಾ ಕೂತಿದ್ದ. ನಾನು ಒಳಗೆ ಹೋಗಿ ಸಾರು ಒರೆಸಿದೆ, ಏನಾದರೂ ಮಾಡಬೇಕಿತ್ತು.

ನೆಲ ಒಣಗುವ ಹೊತ್ತಿಗೆ ಅಕ್ಕ ಬಾಗಿಲಲ್ಲಿ ನಿಂತಿದ್ದಳು. “ಅಜ್ಜಿ, ನೆರಿಗೆ ಹಿಡಿ. ನಂಗೆ ಮರ್ತೋಗಿದೆ.”

ಪ್ಯಾಂಟಿನ ಮೇಲೆಯೇ ಉಟ್ಟಳು. ಅಂಚಿನಲ್ಲಿ ಒಂದು ಕಡೆ ಹರಿದಿತ್ತು, ಇನ್ನೊಂದು ಕಡೆ ವಡೆಯ ಎಣ್ಣೆ. ಒಳಗಿನ ಜೇಬುಗಳಿಂದಾಗಿ ಸೊಂಟದ ಬಳಿ ಉಬ್ಬಿಕೊಂಡು, ಯಾವುದೋ ಬ್ಯಾಂಕ್ ದೋಚಿದ ಕಳ್ಳಿ ಹಣದ ಕಟ್ಟು ಬಚ್ಚಿಟ್ಟುಕೊಂಡ ಹಾಗೆ ಕಾಣುತ್ತಿದ್ದಳು. ಹೇಳಿದೆ. “ಮುಚ್ಕೊಳ್ಳೋ,” ಅಂದಳು. ಒಲೆಯ ಮೇಲೆ ಉಳಿದಿದ್ದ ಸಾರಿನಲ್ಲಿ ಎಲ್ಲರೂ ಒಟ್ಟಿಗೆ ಊಟ ಮಾಡಿದೆವು. ಅಕ್ಕ ಮತ್ತೆ ಮತ್ತೆ ಕೇಳುತ್ತಿದ್ದಳು, ಎಲ್ಲಿ ಹೂತಿರಿ, ಯಾರು ಯಾರು ಬಂದಿದ್ದರು, ಕೋಳಿಗಳಿಗೆ ಈಗ ಯಾರು ಕಾಳು ಹಾಕುತ್ತಾರೆ. ಅಪ್ಪ ಒಂದೊಂದಕ್ಕೂ ಉತ್ತರ ಕೊಡುತ್ತಿದ್ದ.

ಸಂಜೆಯ ಸಫಾರಿ ಜೀಪು ಬಂದು ಹಾರನ್ ಮಾಡಿತು.

“ಬದಲಾಯಿಸ್ಕೊಳವ್ವಾ, ಧೂಳಾಯ್ತದೆ,” ಅಂದ ಅಪ್ಪ.

“ಆಗ್ಲಿ ಬಿಡು,” ಎಂದು ಅಕ್ಕ ಸೆರಗು ಸಿಕ್ಕಿಸಿ ಹತ್ತಿದಳು. ಅಜ್ಜಿಯನ್ನು ನಾನು ಕೆಳಗಿನಿಂದ ನೂಕಿ, ಅವಳು ಮೇಲಿನಿಂದ ಎಳೆದು ಕೂರಿಸಿದೆವು. ನದಿಯ ತಿರುವಿನಲ್ಲಿ ಎಡಗಡೆಗೆ ಜಿರಾಫೆಗಳ ಹಿಂಡು ನಿಂತಿತ್ತು. ಜೀಪಿನವರೆಲ್ಲ ಫೋನು ಹಿಡಿದು ಎಡಕ್ಕೆ ವಾಲಿದರು. ಅಷ್ಟು ಎತ್ತರದ ಪ್ರಾಣಿ ಅಷ್ಟು ಹತ್ತಿರದಲ್ಲಿದ್ದರೂ ಅಪ್ಪ ಮಾತ್ರ ಬಲಗಡೆಗೇ ತಿರುಗಿ ಕೂತಿದ್ದ. ಅಮ್ಮನ ಎಡೆಯ ಸೀರೆಯುಟ್ಟ ಅಕ್ಕ ಬಲಗಡೆಯ ಸೀಟಿನಲ್ಲಿದ್ದಳು.