ಮಿಸ್ ಡಯಾನ್ ಪರವಾಗಿ ಅತ್ತೆ ಮಾತಾಡಿದ ಸಂಜೆ

ಇದು 1995ರ ಮಾತು. ನಾರ್ತ್ ಕೆರೊಲಿನಾದಲ್ಲಿ, ರಾಲಿಯಿಂದ ಅರ್ಧ ಗಂಟೆ ದೂರದ ಒಂದು ಸಣ್ಣ ಊರಿನಲ್ಲಿ ನಾವು ಬಾಡಿಗೆಗೆ ಇದ್ದೆವು. ನಾನು, ನನ್ನ ಗಂಡ ಮೋಹನ್ ಇಬ್ಬರೂ ಕೆಲಸಕ್ಕೆ ಹೋಗುವವರು. ಮೂರು ವರ್ಷದ ಮಗಳು ಪಲ್ಲವಿಯನ್ನು ನಮ್ಮದೇ ಬೀದಿಯಲ್ಲಿದ್ದ ಡಯಾನ್ ಎಂಬವರ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದೆವು. ಡಯಾನ್ ಐವತ್ತರ ಆಸುಪಾಸಿನ ಅಮೆರಿಕನ್ ಹೆಂಗಸು, ಒಂಟಿ. ಮನೆಯಲ್ಲೇ ಡೇ ಕೇರ್ ನಡೆಸಿ ಜೀವನ ಮಾಡುತ್ತಿದ್ದರು. ಆ ಕಡೆಯ ರೂಢಿಯಂತೆ ಮಕ್ಕಳೆಲ್ಲ ಅವರನ್ನು ‘ಮಿಸ್ ಡಯಾನ್’ ಎನ್ನುತ್ತಿದ್ದವು.

ಅವರ ಋಣ ನಮ್ಮ ಮೇಲಿತ್ತು. ಹಿಂದಿನ ಚಳಿಗಾಲದಲ್ಲಿ ಪಲ್ಲವಿಗೆ ಜ್ವರ ಏರಿ ಫಿಟ್ಸ್ ಬಂದುಬಿಟ್ಟಿತ್ತು. ನಾನು ಆಫೀಸಿನಿಂದ ಆಸ್ಪತ್ರೆ ತಲುಪುವ ಹೊತ್ತಿಗೆ ಮಗು ಡಯಾನ್ ಮಡಿಲಲ್ಲಿ ಮಲಗಿತ್ತು. ಆಂಬುಲೆನ್ಸಿನಲ್ಲಿ ಜೊತೆಯಲ್ಲೇ ಬಂದಿದ್ದರು. ಅಂಗಿಯ ತುಂಬ ವಾಂತಿ, ಮೈಮೇಲೆ ಕೋಟೂ ಇರಲಿಲ್ಲ. “ಹೆದರಬೇಡ ಶೈಲಾ, ಅಪಾಯ ದಾಟಿತು” ಎಂದು ನನ್ನ ಕೈ ಹಿಡಿದುಕೊಂಡರು.

ಆ ವರ್ಷ ಆಗಸ್ಟಿನಲ್ಲಿ ನಂಜನಗೂಡಿನಿಂದ ನಮ್ಮತ್ತೆ ಬಂದರು. ಮಡಿ-ಮೈಲಿಗೆಯ ಜನ. ಮೊಮ್ಮಗಳು ಮಾಂಸ ತಿನ್ನುವವರ ಮನೆಯಲ್ಲಿ ಹಗಲೆಲ್ಲ ಇರುತ್ತಾಳೆಂದು ಮೊದಲ ವಾರ ಮುಖ ಗಂಟಿಕ್ಕಿಕೊಂಡೇ ಇದ್ದರು. “ಮನೇಲಿ ನಾನಿಲ್ವಾ? ನಾನ್ ನೋಡ್ಕೊಳಲ್ವಾ?” ಎಂದು ಕೇಳಿದರು. ಪಲ್ಲವಿಗೆ ಮಿಸ್ ಡಯಾನ್ ಇಲ್ಲದೆ ಆಗುತ್ತಲೇ ಇರಲಿಲ್ಲ. ಕೊನೆಗೆ ಅತ್ತೆಯೇ ಅವಳನ್ನು ದಿನಾ ಬೆಳಿಗ್ಗೆ ನಡೆಸಿಕೊಂಡು ಹೋಗಿ ಬಿಟ್ಟು ಬರತೊಡಗಿದರು.

ಒಂದು ದಿನ ಸಂಜೆ ನಾನು ಮನೆಗೆ ಬಂದಾಗ ಅತ್ತೆ ಖುಷಿಯಲ್ಲಿದ್ದರು. “ಶೈಲಾ, ಇವತ್ತು ಅವಳು ನಂಗೆ ದೇವರಮನೆ ತೋರಿಸಿದ್ಲು ಕಣೇ” ಎಂದರು.

“ಯಾರು ಅತ್ತೆ?”

“ಇನ್ಯಾರು, ನಿಮ್ಮ ಡಯಾನು! ಒಳಗೊಂದು ರೂಮಿಗೆ ಬೀಗ ಹಾಕಿರ್ತಾಳೆ. ಅದರಲ್ಲಿ ಒಂದು ಅಮ್ಮನೋರ ವಿಗ್ರಹ, ಮಣ್ಣಿಂದು. ಮುಂದೆ ನೀರು, ದೀಪ, ಒಂದು ತಟ್ಟೇಲಿ ಮಣ್ಣು. ನಾನು ಕೈ ಮುಗಿದೆ. ಅವಳು ಅಳೋಕೇ ಶುರು ಮಾಡಿದ್ಲು.”

ಮಾರನೆಯ ದಿನ ನಾನು ಡಯಾನ್ ಅವರನ್ನು ಕೇಳಿದೆ. ತಾನು ಪೇಗನ್ ಎಂದು ಅವರು ಮೆಲ್ಲಗೆ ಹೇಳಿದರು. ಭೂಮಿ, ಚಂದ್ರ, ಋತುಗಳನ್ನು ದೇವರೆಂದು ಪೂಜಿಸುವ ಪಂಥವಂತೆ ಅದು. “ಈ ಊರಲ್ಲಿ ಇದುವರೆಗೆ ಯಾರಿಗೂ ಹೇಳಿರಲಿಲ್ಲ. ನಿಮ್ಮ ಅತ್ತೆಗೆ ಹೇಳಬೇಕಾಗಿಯೇ ಬರಲಿಲ್ಲ” ಎಂದು ನಕ್ಕರು.

ಸೆಪ್ಟೆಂಬರಿನಲ್ಲಿ ತೊಂದರೆ ಶುರುವಾಯಿತು. ಒಂದು ಹುಣ್ಣಿಮೆಯ ಸಂಜೆ ಡಯಾನ್ ಮತ್ತು ಅವರ ಏಳೆಂಟು ಗೆಳೆಯರು ಹಿತ್ತಲಲ್ಲಿ ಸಣ್ಣದಾಗಿ ಬೆಂಕಿ ಹಾಕಿ, ಸುತ್ತ ನಿಂತು ಹಾಡಿದ್ದರು. ಅದನ್ನು ಪಕ್ಕದ ಮನೆಯವರು ಕಿಟಕಿಯಿಂದ ನೋಡಿದರು. ಒಂದೇ ವಾರದಲ್ಲಿ ‘ಡಯಾನ್ ಮಾಟಗಾತಿ’ ಎಂಬ ಮಾತು ಊರೆಲ್ಲ ಹರಡಿತು. ತಾಯಂದಿರು ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿಕೊಂಡರು. ಉಳಿದದ್ದು ಪಲ್ಲವಿ ಮತ್ತು ಇನ್ನೊಂದು ಕೂಸು.

ಮನೆಯಲ್ಲಿ ಡೇ ಕೇರ್ ನಡೆಸಲು ಟೌನಿನ ಆಡಳಿತದವರ ಪರ್ಮಿಟ್ ಬೇಕು. ಡಯಾನ್ ಅವರದು ಆ ವರ್ಷವೇ ರಿನ್ಯೂ ಆಗಬೇಕಿತ್ತು. ಬೀದಿಯವರು ತಕರಾರು ಎತ್ತಿದ್ದರಿಂದ ಟೌನ್ ಹಾಲಿನಲ್ಲಿ ವಿಚಾರಣೆ ಇಟ್ಟರು. ಊರಿನವರು ಯಾರು ಬೇಕಾದರೂ ಬಂದು ಮಾತಾಡಬಹುದಿತ್ತು. ಪರ್ಮಿಟ್ ಹೋದರೆ ಡಯಾನ್ ಅವರ ಅನ್ನವೇ ಹೋದಂತೆ.

ನಾನು ಹೋಗಿ ಮಾತಾಡುತ್ತೇನೆಂದಾಗ ಮೋಹನ್ ತಲೆ ಕೆರೆದುಕೊಂಡರು. “ಆಕೆ ಒಳ್ಳೆಯವರು, ಇಲ್ಲ ಅನ್ನಲ್ಲ. ಆದ್ರೆ ನಮ್ಮ ಗ್ರೀನ್ ಕಾರ್ಡ್ ಫೈಲ್ ಆಗಿದೆ ಶೈಲಾ. ಈ ಟೈಮಲ್ಲಿ ಊರವರನ್ನೆಲ್ಲ ಯಾಕೆ ಎದುರು ಹಾಕ್ಕೋಬೇಕು?”

“ಅವತ್ತು ಆಂಬುಲೆನ್ಸ್ ಹತ್ತುವಾಗ ಆಕೆ ಹೀಗೆ ಯೋಚನೆ ಮಾಡಿದ್ರೇನ್ರೀ?” ಎಂದೆ.

ವಿಚಾರಣೆಯ ಸಂಜೆ ಮೋಹನ್ ಆಫೀಸಿನಿಂದ ಬೇಗ ಬಂದು, ಕಾರು ತೆಗೆದು, “ಬನ್ನಿ, ಡ್ರೈವ್ ಮಾಡ್ತೀನಿ” ಎಂದರು. ಅತ್ತೆ ಸೀರೆಯ ಮೇಲೆ ಸ್ವೆಟರು, ಕಾಲಿಗೆ ಮಗನ ಹಳೇ ಕ್ಯಾನ್ವಾಸ್ ಶೂ ಹಾಕಿಕೊಂಡು ನಮಗಿಂತ ಮೊದಲೇ ಕಾರಿನಲ್ಲಿ ಕೂತಿದ್ದರು.

ಟೌನ್ ಹಾಲ್ ಜನರಿಂದ ತುಂಬಿತ್ತು. ಎದುರಿಗೆ ಟೌನಿನ ಆಡಳಿತ ಮಂಡಳಿಯ ಐದು ಜನ ಕೂತಿದ್ದರು. ಅಧ್ಯಕ್ಷೆ ಬಿಳಿಗೂದಲಿನ ಹೆಂಗಸು. ಪಾರ್ಕಿಂಗ್, ಗಲಾಟೆ, ಮಕ್ಕಳ ಸುರಕ್ಷತೆ, ಇಷ್ಟರ ಬಗ್ಗೆ ಮಾತ್ರ ಮಾತಾಡಿ ಎಂದು ಅವರು ಮೊದಲೇ ಹೇಳಿದ್ದರು. ಯಾರೂ ಕೇಳಲಿಲ್ಲ. ಒಬ್ಬ ಚಿಕ್ಕ ವಯಸ್ಸಿನ ತಾಯಿ ಎದ್ದು ನಿಂತು, “ಬೆಂಕಿ ಸುತ್ತ ನಿಂತು ಚಂದ್ರನನ್ನು ಕರೆಯುವವರ ಕೈಗೆ ನನ್ನ ಮಕ್ಕಳನ್ನು ಕೊಡಲಾ?” ಎಂದಳು. ಜನ ಚಪ್ಪಾಳೆ ತಟ್ಟಿದರು.

ಡಯಾನ್ ಎದ್ದರು. ಮುಖ ಬಿಳಿಚಿಕೊಂಡಿತ್ತು. “ನನ್ನ ಧರ್ಮವನ್ನು ನಾನು ಮಕ್ಕಳಿಗೆ ಕಲಿಸುವುದಿಲ್ಲ. ಆದರೆ ನೀನು ಪೇಗನ್ನಾ ಎಂದು ಕೇಳಿದರೆ ಅಲ್ಲ ಎಂದು ಸುಳ್ಳು ಹೇಳಲಾರೆ” ಎಂದಷ್ಟೇ ಹೇಳಿ ಕೂತುಬಿಟ್ಟರು. ಅವರಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

ನನ್ನ ಸರದಿ ಬಂತು. ಮಗಳಿಗೆ ಫಿಟ್ಸ್ ಬಂದ ದಿನ ಡಯಾನ್ ಏನು ಮಾಡಿದರೆಂಬುದನ್ನು ಹೇಳಿ ಮುಗಿಸಿದೆ. ವಾಪಸ್ ಬಂದು ಕೂತಾಗ ಅತ್ತೆ ಪಿಸುಗುಟ್ಟಿದರು. “ಆ ಹುಡುಗಿ ಏನಂದ್ಲು, ಎಲ್ಲರೂ ಚಪ್ಪಾಳೆ ಹೊಡೆದ್ರಲ್ಲ?”

“ಚಂದ್ರನ್ನ ಪೂಜೆ ಮಾಡೋರ ಕೈಗೆ ಮಕ್ಕಳನ್ನ ಕೊಡಬಾರ್ದಂತೆ ಅತ್ತೆ.”

ಅತ್ತೆ ಎದ್ದು ನಿಂತರು. ನಾನು ಸೆರಗು ಹಿಡಿದು ಎಳೆಯುವಷ್ಟರಲ್ಲಿ ಮೈಕಿನ ಹತ್ತಿರ ಹೋಗಿಯೇಬಿಟ್ಟರು. ಅಧ್ಯಕ್ಷೆ ನನ್ನ ಕಡೆ ನೋಡಿದರು. “ಇವರೂ ಅದೇ ಬೀದಿಯಲ್ಲಿ ಇರುತ್ತಾರಾ?” ಎಂದರು. ಹೌದೆಂದೆ. “ಹಾಗಾದರೆ ಮಾತಾಡಲಿ. ನೀವು ಇಂಗ್ಲಿಷಿನಲ್ಲಿ ಹೇಳಿ.”

ಅತ್ತೆ ಕೈ ಮುಗಿದು ಶುರು ಮಾಡಿದರು. “ನಾನು ತಿಂಗಳಿಗೊಂದು ಸಂಕಷ್ಟಿ ಮಾಡ್ತೀನಿ. ಅವತ್ತು ಚಂದ್ರನ್ನ ನೋಡದೆ ಬಾಯಿಗೆ ಅನ್ನ ಹಾಕಲ್ಲ. ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಡೋ ಮುಂಚೆ ಭೂಮಿತಾಯಿ ಹತ್ರ ಕ್ಷಮೆ ಕೇಳ್ತೀನಿ. ನಮ್ಮೂರಲ್ಲಿ ಹೊಳೆ ತುಂಬಿದ್ರೆ ಬಾಗಿನ ಕೊಡ್ತೀವಿ. ಅರಳೀಮರ ಸುತ್ತುತೀವಿ, ಹುತ್ತಕ್ಕೆ ಹಾಲೆರೀತೀವಿ.” ನಾನು ಒಂದೊಂದನ್ನೇ ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ. ಹುತ್ತಕ್ಕೆ ಏನೆನ್ನಬೇಕೆಂದು ತಿಳಿಯದೆ ‘ಹಾವಿನ ಮನೆ’ ಎಂದೆ.

“ಇದಕ್ಕೆಲ್ಲ ಮಾಟ ಅನ್ನೋದಾದ್ರೆ ನಾನೂ ಮಾಟಗಾತೀನೇ. ಆಕೆ ಜೊತೆ ನನ್ನ ಹೆಸರೂ ಬರ್ಕೊಳ್ಳಿ” ಎಂದರು ಅತ್ತೆ.

ಗ್ರೀನ್ ಕಾರ್ಡು, ಆಗಷ್ಟೇ ಕೇಳಿದ ಚಪ್ಪಾಳೆ, ನಾಳೆ ಬೆಳಿಗ್ಗೆ ಇದೇ ಜನರ ನಡುವೆ ಓಡಾಡಬೇಕಾದ ನನ್ನ ಮಗಳು, ಎಲ್ಲ ಒಟ್ಟಿಗೇ ನೆನಪಾದವು. “ನಮ್ಮ ದೇಶದಲ್ಲೂ ಇಂಥ ಪದ್ಧತಿಗಳಿವೆ” ಎಂದು ಇಂಗ್ಲಿಷಿನಲ್ಲಿ ಹೇಳಿ ನಿಲ್ಲಿಸಿದೆ.

ಅತ್ತೆ ಕತ್ತು ತಿರುಗಿಸಿ ನನ್ನನ್ನೇ ನೋಡಿದರು. “ನಾನು ಅಷ್ಟುದ್ದ ಹೇಳ್ದೆ, ನೀನು ಇಷ್ಟೇ ಹೇಳ್ದೆ. ಮಿಕ್ಕಿದ್ದೆಲ್ಲಿ ಹೋಯ್ತೇ?”

ಹಿಂದಿನ ಸಾಲಿನಲ್ಲಿ ಪಲ್ಲವಿಯನ್ನು ಎತ್ತಿಕೊಂಡು ನಿಂತಿದ್ದ ಮೋಹನ್ ಕಡೆ ನೋಡಿದೆ. ಅವರು ಹೇಳು ಎನ್ನುವಂತೆ ತಲೆಯಾಡಿಸಿದರು. ಹೇಳಿದೆ, ಒಂದಕ್ಷರ ಬಿಡದೆ. ಕೊನೆಗೆ “ನನ್ನ ಹೆಸರನ್ನೂ ಬರೆದುಕೊಳ್ಳಿ” ಎಂದು ನನ್ನದನ್ನೂ ಸೇರಿಸಿದೆ.

ಯಾರೋ ಕಿಸಕ್ಕನೆ ನಕ್ಕರು. ಅತ್ತೆಗೆ ಸಿಟ್ಟು ಬಂತು. “ನಗಬೇಡಿ. ನನ್ನ ಮೊಮ್ಮಗಳು ಕಣ್ಣು ಮೇಲೆ ಮಾಡಿದ್ಲಂತೆ ಅವತ್ತು. ಈ ಹೆಂಗಸು ಆಗ ಯಾವ ದೇವರನ್ನ ಕರೆದ್ಲೋ ನಂಗೊತ್ತಿಲ್ಲ. ಯಾವುದೋ ಒಂದು ದೇವರು ಓಗೊಡ್ತು. ನಂಗಷ್ಟು ಸಾಕು.”

ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಈ ಸಲ ಯಾರೂ ನಗಲಿಲ್ಲ.

ಆಮೇಲೆ ಎದ್ದವರು ನಮ್ಮ ಬೀದಿಯ ಮೂಲೆಮನೆಯ ಮುದುಕರು. ಚರ್ಚಿನಲ್ಲಿ ಪಾದ್ರಿಯಾಗಿದ್ದು ನಿವೃತ್ತರಾದವರು. ಇನ್ನು ಎಲ್ಲ ಮುಗಿಯಿತು ಎಂದುಕೊಂಡೆ. ಅವರು ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಧಾನವಾಗಿ ಹೇಳಿದರು. “ಡಯಾನ್ ನಂಬಿಕೆ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಅವಳಿಗಾಗಿ ಪ್ರಾರ್ಥನೆ ಮಾಡುತ್ತೇನೆ. ಆದರೆ ನಮ್ಮ ಪಂಥದ ಹಿರಿಯರು ಸರ್ಕಾರದ ಅಪ್ಪಣೆಯಿಲ್ಲದೆ ಉಪದೇಶ ಮಾಡಿದ್ದಕ್ಕೆ ಒಂದು ಕಾಲದಲ್ಲಿ ಜೈಲಿಗೆ ಹೋದವರು. ಯಾರು ಯಾವ ದೇವರಿಗೆ ನಡೆದುಕೊಳ್ಳುತ್ತಾರೆಂದು ಟೌನಿನವರು ನೋಡಬಾರದು. ಮಕ್ಕಳು ಅಲ್ಲಿ ಚೆನ್ನಾಗಿದ್ದಾವಾ? ಅಷ್ಟು ನೋಡಿ.”

ಪರ್ಮಿಟ್ ಸಿಕ್ಕಿತು. ಐವರಲ್ಲಿ ಒಬ್ಬರು ಮಾತ್ರ ಬೇಡವೆಂದರು. ಹೊರಗೆ ಡಯಾನ್ ಓಡಿಬಂದು ಅತ್ತೆಯನ್ನು ತಬ್ಬಿಕೊಂಡರು. ಸ್ನಾನವಾದ ಮೇಲೆ ನಮ್ಮನ್ನೇ ಹತ್ತಿರ ಬಿಟ್ಟುಕೊಳ್ಳದ ಅತ್ತೆ, ಅವರ ಬೆನ್ನು ಸವರುತ್ತ, “ಆಯ್ತು, ಆಯ್ತು, ಅಳ್ಬೇಡ್ವೇ” ಎಂದು ಕನ್ನಡದಲ್ಲೇ ಸಮಾಧಾನ ಮಾಡಿದರು.

ಎಲ್ಲವೂ ಮೊದಲಿನಂತಾಯಿತು ಎನ್ನಲಾರೆ. ಬಿಟ್ಟುಹೋದ ಮಕ್ಕಳಲ್ಲಿ ಇಬ್ಬರಷ್ಟೇ ಮರಳಿ ಬಂದರು. ಕೆಲವರು ನಮ್ಮನ್ನು ಕಂಡರೂ ಕಾಣದಂತೆ ಹೋಗತೊಡಗಿದರು. ಆದರೆ ಮೂಲೆಮನೆಯ ಪಾದ್ರಿಗಳು ಅತ್ತೆಯನ್ನು ನೋಡಿದಾಗಲೆಲ್ಲ ಗೌರವದಿಂದ ಟೋಪಿ ಎತ್ತುತ್ತಿದ್ದರು. ನಮ್ಮ ಗ್ರೀನ್ ಕಾರ್ಡಿಗೂ ಏನೂ ಆಗಲಿಲ್ಲ. ಆಮೇಲೆ ನಾವು ಅಟ್ಲಾಂಟಾಕ್ಕೆ ಬಂದೆವು. ಡಯಾನ್ ಅಲ್ಲೇ ಉಳಿದರು, ಹೊಸ ಮಕ್ಕಳು ಬಂದವು.

ಈ ದೇಶಕ್ಕೆ ಬಂದಾಗಿನಿಂದ ನಾನು ಯಾರು, ಏನು ನಂಬುತ್ತೇನೆ ಎಂಬುದನ್ನು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅದೂ ಇನ್ನೊಬ್ಬರ ಧರ್ಮದ ಪರವಾಗಿ! ಆ ಧೈರ್ಯ ಕೊಟ್ಟ ಇಬ್ಬರು ಹೆಂಗಸರನ್ನು ನೆನೆದಾಗ ಈಗಲೂ ಎದೆ ತುಂಬಿಬರುತ್ತದೆ.

1999ರಲ್ಲಿ ಅತ್ತೆ ತೀರಿಕೊಂಡರು. ಆ ಅಕ್ಟೋಬರಿನಲ್ಲಿ ಡಯಾನ್ ಫೋನ್ ಮಾಡಿದರು. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದು ಚಳಿ ಶುರುವಾಗುವಾಗ, ಅವರ ಜನ ದೀಪ ಹಚ್ಚಿ ತೀರಿಹೋದ ತಮ್ಮವರನ್ನು ಹೆಸರು ಹಿಡಿದು ಕರೆಯುತ್ತಾರಂತೆ. ನಮ್ಮ ಪಿತೃಪಕ್ಷದ ಹಾಗೆ. “ಈ ವರ್ಷ ನಿಮ್ಮ ಅತ್ತೆಯನ್ನು ಕರೆಯಬೇಕು ಶೈಲಾ. ಹೆಸರು ತಪ್ಪಾಗಬಾರದು, ಹೇಳಿಕೊಡು” ಎಂದರು.

“ಸುಬ್ಬಲಕ್ಷ್ಮಮ್ಮ” ಎಂದೆ. ಅವರಿಗೆ ನಾಲಿಗೆ ಹೊರಳಲಿಲ್ಲ. ಇನ್ನೊಮ್ಮೆ ಹೇಳಿದೆ, ಬಿಡಿಸಿ ಬಿಡಿಸಿ ಹೇಳಿದೆ. ಅಲ್ಲಿಂದ ಅವರು ತೊದಲುವುದು, ಇಲ್ಲಿಂದ ನಾನು ತಿದ್ದುವುದು, ನಡುವೆ ಇಬ್ಬರೂ ಅಳುವುದು. ನಂಜನಗೂಡಿನಲ್ಲಿ ನೆರೆಮನೆಯವರು ಕರೆಯುತ್ತಿದ್ದಷ್ಟು ಸ್ಪಷ್ಟವಾಗಿ ಬರುವವರೆಗೂ ಡಯಾನ್ ಫೋನ್ ಇಡಲಿಲ್ಲ.